ಓಣಿಗೊಂದು ತಾಟು ಬೆಲ್ಲ

ಟರ್ರ್ ಎಂಬ ಸದ್ದು ಮೊದಲು ಬರುತ್ತಿತ್ತು, ಟಾಂಗಾ ಆಮೇಲೆ ಬರುತ್ತಿತ್ತು. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಆ ಓಣಿಗೆ ತಿರುವು ಹೆಚ್ಚು, ಅಗಲ ಕಡಿಮೆ. ಅದಕ್ಕೇ ಮಹೆಬೂಬ ಪ್ರತಿ ತಿರುವಿನಲ್ಲೂ ಚಾಟಿಯ ಹಿಡಿಯನ್ನು ಓಡುವ ಗಾಲಿಯ ಕಡ್ಡಿಗಳಿಗೆ ಒತ್ತಿ ಹಿಡಿಯುತ್ತಿದ್ದ. ಕಟ್ಟಿಗೆಗೆ ಕಟ್ಟಿಗೆ ಬಡಿದು ಏಳುವ ಆ ಸದ್ದಿಗೆ ಕಟ್ಟೆಯ ಮೇಲಿನ ಮುದುಕರು ಕಾಲು ಮೇಲೆಳೆದುಕೊಳ್ಳುತ್ತಿದ್ದರು, ಆಡಿನ ಮರಿಗಳು ಸಿಕ್ಕ ಬಾಗಿಲೊಳಗೆ ನುಗ್ಗುತ್ತಿದ್ದವು. ಸಂಗಮ್ಮ ಮಾತ್ರ ಹಂಚಿನ ಮೇಲಿನ ಕಡೆಯ ರೊಟ್ಟಿಯನ್ನು ತಿರುವಿ ಹಾಕುತ್ತಾ, ‘ಬಂದೆ, ಬಂದೆ’ ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

ಎಪ್ಪತ್ತೇಳನೆಯ ಇಸವಿಯ ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆಯೂ ಹಾಗೇ ಕೂಗಿದಳು.

‘ಜಲ್ದಿ ಬರ್ರಿ ಬಾಯಾರ! ಹುಮನಾಬಾದ ಬಸ್ಸು ನಿಮ್ಮ ಸಾಲಿ ಹುಡುಗಿ ಅಲ್ಲ, ನಿಮಗ ಅಂಜಿ ನಿಂದ್ರಾಕ!’ ಎಂದ ಮಹೆಬೂಬ.

ಸಂಗಮ್ಮ ಕನ್ಯಾ ಶಾಲೆಯ ಶಿಕ್ಷಕಿ. ಊರಿನ ಅರ್ಧದಷ್ಟು ಹುಡುಗಿಯರಿಗೆ ಅಕ್ಷರ ತಿದ್ದಿಸಿದವಳು. ಟಾಂಗಾ ಹತ್ತಿ ಕೂತವಳೇ ಅವಳು ಮೊದಲು ಮಾಡಿದ್ದು ವಿಚಾರಣೆ.

‘ಮಹೆಬೂಬ, ಮೊನ್ನಿ ಹೈದರಾಬಾದದವ್ರಿಗೆ ಕ್ವಾಟಿಯೊಳಗಿನ ಭಾವಿ ತೋರಿಸಿ ಏನ್ ಹೇಳಿದಿ?’

‘ಏನಿಲ್ರಿ. ಒಬ್ಬಾಕಿ ರಾಣಿ ಇದರಾಗ ಹಾರಿದ್ಳು ಅಂದೆ.’

‘ಯಾವ ರಾಣಿ?’

‘ಹೆಸರು ಅವ್ರು ಕೇಳಲಿಲ್ರಿ.’

‘ಅದರ ಹಿಂದಿನ ವಾರ ಇನ್ನೊಂದು ಭಾವಿಯಾಗೂ ಒಬ್ಬಾಕಿನ್ನ ಹಾರಿಸಿದ್ಯಂತ.’

‘ಭಾವಿ ಬರೇ ಭಾವಿ ಅಂದ್ರ ಸವಾರಿ ಟಾಂಗಾದಿಂದ ಕೆಳಗ ಇಳಿಯಂಗಿಲ್ರಿ ಬಾಯಾರ. ರಾಣಿ ಹಾರಿದ್ರ ಇಳೀತಾರ. ನಾ ಏನ್ ಮಾಡ್ಲಿ?’

‘ಇನ್ನ ಮ್ಯಾಲ ಆ ರಾಣಿಯರಿಗೆ ಜರಾ ಆರಾಮ ಕೊಡಪ್ಪಾ.’

ಮಹೆಬೂಬ ಕುದುರೆಗೆ ಹೇಳುವವನಂತೆ, ‘ಕೇಳಿದೇನ? ಇವತ್ತಿನಿಂದ ರಾಣಿ ಬಂದ್’ ಎಂದ. ಸಂಗಮ್ಮ ನಕ್ಕಳು. ಆದರೆ ಅವಳು ಹುಮನಾಬಾದಿಗೆ ಹೊರಟಿದ್ದು ಇದೇ ಮಾತಿಗಾಗಿ. ಊರಿಗೆ ಬಂದವರಿಗೆ ಊರು ತೋರಿಸುವುದನ್ನು, ಅವರನ್ನು ಇಳಿಸಿಕೊಳ್ಳುವುದನ್ನು, ಅವರೊಡನೆ ಮಾತಾಡುವುದನ್ನು ಕಲಿಸುವ ಒಂದು ಶಿಬಿರವನ್ನು ಸರಕಾರ ಈ ಭಾಗದಲ್ಲಿ ನಡೆಸುತ್ತದಂತೆ, ಅದರ ಸಭೆ ಇವತ್ತು ಎಂದು ಶಾಲೆಗೆ ಸುದ್ದಿ ಬಂದಿತ್ತು. ಸುದ್ದಿ ಕೇಳಿದ ಗಳಿಗೆಯಿಂದ ಅವಳ ಕಣ್ಣ ಮುಂದೆ ಟಾಂಗಾದವರಿಗಿಂತ ಮೊದಲು ಬಂದು ನಿಂತವರು ಮೆಟ್ರಿಕ್ ಮುಗಿಸಿ ಮನೆಯಲ್ಲಿ ಕೂತ ಅವಳ ಹಳೆಯ ಹುಡುಗಿಯರು.

ಹುಮನಾಬಾದಿನ ರಸ್ತೆ ಅವಳಿಗೆ ಹೊಸದಲ್ಲ. ಬಸ್ಸಿನ ಕಿಟಕಿಯಲ್ಲಿ ತೊಗರಿ ಹೊಲಗಳು ಹಸಿರಾಗಿ ಓಡುತ್ತಿದ್ದವು. ನಡುನಡುವೆ ಕೆಂಪು ಮಣ್ಣಿನ ದಿಬ್ಬ, ಅದರ ಮೇಲೊಂದು ಒಂಟಿ ಬೇವು. ಇದೇ ಊರಿಗೆ ಹದಿನೇಳರ ವಯಸ್ಸಿನಲ್ಲಿ ದಿನಾ ಬಂದು ಹೋಗಿದ್ದಳು ಅವಳು.

ಅವಳು ಹುಟ್ಟಿದ್ದು ಹುಮನಾಬಾದಿಗೆ ಹತ್ತಿರದ ನಿರ್ಣಾದಲ್ಲಿ, ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ. ಮೊದಲು ತಿದ್ದಿದ್ದು ಉರ್ದು ಅಕ್ಷರ, ಆಮೇಲೆ ಕನ್ನಡ. ಅಪ್ಪನ ಅಂಗಡಿಗೆ ಬರುವ ಗಿರಾಕಿಗಳಿಂದ ಮರಾಠಿ ತಾನಾಗಿ ಬಂತು. ಐವತ್ತಾರರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕನ್ನಡ ಕಲಿಸುವವರು ಬೇಕೆಂದು ಕೂಗೆದ್ದಿತು. ಕಲಿಸುವುದನ್ನು ಕಲಿಯಲು ಮಾತ್ರ ಗುಲ್ಬರ್ಗಾಕ್ಕೆ ಹೋಗಬೇಕಿತ್ತು. ಅವಳ ಅಪ್ಪ ಬಸವಣಪ್ಪ ಕೆಟ್ಟವನಲ್ಲ. ‘ಅಲ್ಲಿ ನಮ್ಮವರು ಯಾರದಾರವ್ವ?’ ಎಂದು ಒಂದೇ ಮಾತು ಕೇಳಿದ, ಅಲ್ಲಿಗೆ ಮುಗಿಯಿತು. ಮರುವರ್ಷ ಅದೇ ತರಬೇತಿ ಕೆಲವು ತಿಂಗಳ ಮಟ್ಟಿಗೆ ಹುಮನಾಬಾದಿಗೇ ಬಂತು. ಯಾರೋ ಒಬ್ಬ ವ್ಯಾಪಾರಿ ಕಾಳುಕಡಿಯ ಅಡತಿ ಅಂಗಡಿಯ ಮಾಳಿಗೆ ಬಿಟ್ಟುಕೊಟ್ಟಿದ್ದ, ಇನ್ಯಾರೋ ಜಮಖಾನೆ ಕೊಟ್ಟಿದ್ದರು. ‘ಹುಮನಾಬಾದ ಅಂದ್ರ ನಮ್ಮ ಹಿತ್ತಲು. ಸಂಜಿಗಿ ಮನಿಗೆ ಬರ್ತಾಳಲ್ಲ’ ಎಂದು ಅದೇ ಅಪ್ಪ ತಾನೇ ಬಸ್ಸು ಹತ್ತಿಸಿದ. ಒಂದು ಮಾಳಿಗೆ, ನಾಲ್ಕು ಜಮಖಾನೆ, ಸಂಜೆಗೆ ತಿರುಗಿ ಬರುವ ಒಂದು ಬಸ್ಸು. ಅಷ್ಟರ ಮೇಲೆ ಅವಳ ಬದುಕು ನಿಂತಿತ್ತು. ಹಾಗಾಗಿ ಶಿಬಿರ ಎಲ್ಲಿ ನಡೆಯುತ್ತದೆ ಎಂಬುದು ಉಳಿದವರಿಗೆ ಸಣ್ಣ ಮಾತಾದರೆ ಅವಳಿಗೆ ಅದೇ ದೊಡ್ಡ ಮಾತು. ದೂರ ಹೋದರೆ ಹುಡುಗಿಯರು ಮನೆಯಲ್ಲೇ ಉಳಿಯುತ್ತಾರೆ. ಇಲ್ಲಿಗೆ ಬಂದರೆ ಹೊಸ್ತಿಲು ದಾಟುತ್ತಾರೆ.

ಸಭೆ ಸೇರಿದ್ದು ಪಾಂಡುರಂಗನ ಖಾನಾವಳಿಯ ಮಾಳಿಗೆಯ ಮೇಲೆ. ಹೈದರಾಬಾದ್–ಸೊಲ್ಲಾಪುರದ ರಸ್ತೆಗೆ ಅಂಟಿಕೊಂಡ ಖಾನಾವಳಿ ಅದು. ಲಾರಿಯವರೆಲ್ಲ ಅಲ್ಲೇ ಉಣ್ಣುವುದು. ಗುಲ್ಬರ್ಗಾದಿಂದ ಬಂದ ಅಧಿಕಾರಿ ತುಳಜಾರಾಮ ದಪ್ಪ ಚಶ್ಮಾ ಒರೆಸಿಕೊಳ್ಳುತ್ತಾ ವಿಷಯ ಹೇಳಿದರು.

‘ನೋಡ್ರಿ, ನಮ್ಮ ಕಡಿಂದ ಕಲಿಸಾಕ ಇಬ್ಬರು ಬರ್ತಾರ, ಅಷ್ಟೇ. ಜಾಗ, ಗಾಡಿ, ಊಟ, ಊರಿನ ವಿಷಯ ಬಲ್ಲವ್ರು ಇದೆಲ್ಲಾ ನಿಮ್ಮದು. ಬಂದೋಬಸ್ತ್ ಆಗಂಗಿಲ್ಲಂದ್ರ ಗುಲ್ಬರ್ಗಾದಾಗ ಎಲ್ಲಾ ತಯಾರದ, ಅಲ್ಲೇ ಮಾಡ್ತೀವಿ.’

‘ಬಂದೋಬಸ್ತ್ ಅಂದ್ರ ನಮ್ಮ ಹುಮನಾಬಾದರಿ ಸಾಹೇಬ್ರ,’ ಎಂದು ಪಾಂಡುರಂಗ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡ. ‘ಕಲ್ಯಾಣದಾಗ ಏನದ? ಬರೇ ಕಲ್ಲು. ಇಲ್ಲಿ ಅನ್ನ ಅದ.’

‘ನಿಮ್ಮ ಅನ್ನ ತಿನ್ನಾಕ ಬರೇ ಲಾರಿಯವ್ರು ಬರ್ತಾರ್ರಿ ಪಾಂಡುರಂಗ ಅಣ್ಣಾರ,’ ಎಂದಳು ಸಂಗಮ್ಮ. ‘ನಮ್ಮ ಕಲ್ಲು ನೋಡಿ ಹಸಿದವ್ರು ಬಂದ್ರ ನಿಮಗೇನು ತ್ರಾಸ?’

ಜನ ನಕ್ಕರು. ಪಾಂಡುರಂಗನೂ ನಕ್ಕ, ಆದರೆ ಅವನ ಮುಖದಲ್ಲಿ ಲೆಕ್ಕ ಶುರುವಾಯಿತು. ಸಂಗಮ್ಮ ಬಿಡಲಿಲ್ಲ. ಎರಡೂ ಊರು ಕೂಡಿ ಮಾಡೋಣ ಎಂದಳು. ಇಳಿಯುವುದು, ಉಣ್ಣುವುದು, ಅಡಿಗೆ–ಹಾಸಿಗೆಯ ಪಾಠ ಹುಮನಾಬಾದಿನಲ್ಲಿ. ನಡೆಯುವುದು, ತೋರಿಸುವುದು, ಮಾತಿನ ಪಾಠ ಕಲ್ಯಾಣದಲ್ಲಿ. ರಜೆಯಲ್ಲಿ ಶಾಲೆಯ ಕೋಣೆಗಳು ಖಾಲಿ. ಟಾಂಗಾದವರು ಕಲಿಯುವವರೂ ಹೌದು, ಗಾಡಿಯವರೂ ಹೌದು.

‘ಮಾತು ಛಲೋ ಅದ,’ ಎಂದರು ತುಳಜಾರಾಮ. ‘ಕೆಲಸ ನೋಡೂಣು. ಮುಂದಿನ ಐತವಾರ ಸೊಲ್ಲಾಪುರದಿಂದ ಮಾಸ್ತರರ ಒಂದು ತಂಡ ಬರ್ತದ. ಮುಂಜಾನಿ ಕ್ವಾಟಿ, ಆಮ್ಯಾಲ ನಾರಾಯಣಪುರದ ಗುಡಿ, ಮಧ್ಯಾಹ್ನ ಇಲ್ಲಿ ಊಟ, ಆಮ್ಯಾಲ ಜಲಸಂಗ್ವಿ ಗುಡಿ. ಹೊತ್ತು ಮುಳುಗೂದ್ರಾಗ ಮೂರೂ ತೋರಿಸ್ರಿ. ತೋರಿಸಿದ್ರ ಶಿಬಿರ ನಿಮ್ಮದು.’

ಆ ವಾರ ಸಂಗಮ್ಮ ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಹುಡುಗಿಯರ ಮನೆಗಳಿಗೆ ಹೋದಳು. ‘ಸಂಜಿಗಿ ಮನಿಗೆ ಬರ್ತಾರಲ್ರಿ?’ ಎಂದು ಪ್ರತಿಯೊಬ್ಬ ಅಪ್ಪನೂ ಕೇಳಿದ. ಅವಳಿಗೆ ಪ್ರತಿ ಸಲವೂ ತನ್ನ ಅಪ್ಪನ ದನಿಯೇ ಕೇಳಿದಂತಾಗಿ ನಗು ಬಂತು. ಗಯಾ ಎಂಬ ಹುಡುಗಿಯನ್ನು ಮುಂದಾಳು ಮಾಡಿದಳು. ಗಯಾ ತರಗತಿಯಲ್ಲಿ ಎಂದೂ ಸುಮ್ಮನೆ ಕೂತವಳಲ್ಲ. ಅದಕ್ಕಾಗಿ ಒಂದು ಕಾಲದಲ್ಲಿ ಬೆಂಚಿನ ಮೇಲೆ ನಿಂತಿದ್ದಳು, ಈಗ ಅದೇ ಗುಣಕ್ಕೆ ಆರಿಸಿ ಬಂದಳು. ಕೋಟೆಯಲ್ಲಿ ಎಲ್ಲಿ ನಿಂತರೆ ನೆರಳು, ಯಾವ ಬಾಗಿಲ ಮುಂದೆ ಏನು ಹೇಳಬೇಕು, ಟಾಂಗಾ ಎಲ್ಲಿ ಕಾಯಬೇಕು, ಎಲ್ಲ ನಿಗದಿಯಾಯಿತು. ಗಾಡಿ, ಜಾಗ, ಮಾತು, ಊಟ ಯಾವುದೂ ಬಾಕಿ ಉಳಿಯಲಿಲ್ಲ ಎಂದುಕೊಂಡಳು ಸಂಗಮ್ಮ.

ಬಾಕಿ ಉಳಿದದ್ದು ಚಾ.

ಐತವಾರ ಮೂರು ಟಾಂಗಾಗಳು ಸೊಲ್ಲಾಪುರದ ಮಾಸ್ತರರನ್ನೂ ತುಳಜಾರಾಮರನ್ನೂ ಹೊತ್ತು ಓಣಿಯ ತಲೆಗೆ ಬಂದವು. ಗಯಾ ಮೊದಲ ಟಾಂಗಾದಿಂದ ಇಳಿದು ಮಾತು ಶುರುಮಾಡಿದಳು. ಅವಳ ಸೋದರತ್ತೆ ಯಶೋದಾಬಾಯಿಯ ಮನೆ ಅಲ್ಲೇ. ಅತ್ತೆ ಬಾಗಿಲಿಗೆ ಬಂದು ಸೊಸೆಯನ್ನು ನೋಡಿದಳು, ಹಿಂದಿನ ಪರ ಊರಿನವರನ್ನು ನೋಡಿದಳು.

‘ಏನವ್ವ ಗಯಾ, ಮೆಹಮಾನರನ್ನ ಬಾಗಲಾಗ ನಿಂದ್ರಿಸಿ ಮಾತಾಡ್ತಿ? ಬರ್ರೆಪ್ಪಾ, ಒಳಗ ಬರ್ರಿ. ಒಂದೀಟು ಚಾ ಕುಡಿದು ಹೋಗ್ರಿ.’

ಬೇಡ ಎನ್ನುವುದು ಹೇಗೆ? ಕುಡಿದರು. ಅಲ್ಲಿ ಕುಡಿದ ಮೇಲೆ ಎದುರಿನ ಸಂಗಪ್ಪನ ಮನೆಯನ್ನು ದಾಟುವುದು ಹೇಗೆ? ಯಶೋದಾಬಾಯಿಯ ಮನೆಯ ಚಾ ಕುಡಿದವರಿಗೆ ನಮ್ಮ ಚಾ ಯಾಕೆ ಬೇಡ ಎಂದು ಸಂಗಪ್ಪ ಬಾಯಿಬಿಟ್ಟು ಕೇಳಲಿಲ್ಲ. ಕಟ್ಟೆಯಿಂದಿಳಿದು ಕುದುರೆಯ ಲಗಾಮನ್ನೇ ಹಿಡಿದುಕೊಂಡ. ಮೂರನೆಯ ಮನೆಯವರು ಚಾದ ಜೊತೆ ಚುರುಮುರಿಯ ಸುಸಲಾ ಕೊಟ್ಟರು. ನಾಲ್ಕನೆಯವರು ಸುಸಲಾದ ಜೊತೆ ಭಜಿ ಕೊಟ್ಟರು. ಓಣಿ ಮುಂದೆ ಹೋದಷ್ಟೂ ತಾಟು ದೊಡ್ಡದಾಗುತ್ತಾ ಹೋಯಿತು. ಕೋಟೆಯ ಬಾಗಿಲು ಇನ್ನೇನು ಕಂಡಿತು ಎನ್ನುವಾಗ ಸಂಗಮ್ಮನ ಅತ್ತೆ ಮಾಣಿಕಮ್ಮ ಮನೆಯ ಮುಂದೆ ಕಂಬಳಿ ಹಾಸಿ ನಿಂತಿದ್ದಳು. ಸೊಸೆ ವಾರವಿಡೀ ಯಾರಿಗಾಗಿ ಓಡಾಡಿದಳೋ ಅವರು ಬರುತ್ತಾರೆಂದು ನಸುಕಿನಲ್ಲೇ ಎದ್ದು ಗೋಧಿ ಹುಗ್ಗಿ ಮಾಡಿಟ್ಟಿದ್ದಳು.

‘ಅತ್ತಿ, ಊಟ ಹುಮನಾಬಾದದಾಗ ಅದರೀ,’ ಎಂದು ಸಂಗಮ್ಮ ಪಿಸುಗುಟ್ಟಿದಳು.

‘ಇದೇನು ಊಟ ಏನ? ಹುಗ್ಗಿ,’ ಎಂದಳು ಮಾಣಿಕಮ್ಮ, ಮತ್ತೊಂದು ಸೌಟು ತುಪ್ಪ ಸುರಿದಳು.

ಕೋಟೆಯನ್ನು ಅವರು ನೋಡಿದ್ದು ನೆತ್ತಿಯ ಬಿಸಿಲಲ್ಲಿ, ತೂಕಡಿಸುತ್ತಾ. ಒಬ್ಬರು ಮಾಸ್ತರರು ಬುರುಜಿನ ಮೇಲಿನ ಹಳೆಯ ತೋಪಿನ ನೆರಳಲ್ಲಿ ಮಲಗಿಯೇ ಬಿಟ್ಟರು. ನಾರಾಯಣಪುರದಲ್ಲಿ ಊರವರಿಗೆ ಹೇಗೋ ಸುದ್ದಿ ಮುಟ್ಟಿತ್ತು. ಗುಡಿಯ ಹೊರಗೇ ಮಜ್ಜಿಗೆ, ರೊಟ್ಟಿ, ಶೇಂಗಾ ಹಿಂಡಿ ಕಾದಿದ್ದವು. ತಂಡ ಗುಡಿಯ ಒಳಗೆ ಕಾಲಿಡುವಷ್ಟರಲ್ಲಿ ಗೋಡೆಯ ಕೆತ್ತನೆ ಕತ್ತಲಿಗೆ ತಿರುಗುತ್ತಿತ್ತು. ಜಲಸಂಗ್ವಿ ಉಳಿದೇ ಹೋಯಿತು. ಹುಮನಾಬಾದಿನಲ್ಲಿ ಪಾಂಡುರಂಗ ಸಾಲಾಗಿ ತಾಟು ಹಚ್ಚಿ, ಮಧ್ಯಾಹ್ನದಿಂದ ನೊಣ ಹೊಡೆಯುತ್ತಾ ಕೂತಿದ್ದ. ಬಂದವರು ಒಂದು ತುತ್ತನ್ನೂ ಮುಟ್ಟಲಾರದೆ ಹೊಟ್ಟೆ ಹಿಡಿದುಕೊಂಡರು. ಅವನ ಮುಖ ನೋಡುವ ಧೈರ್ಯ ಸಂಗಮ್ಮನಿಗಾಗಲಿಲ್ಲ.

‘ಕಲ್ಯಾಣದಾಗ ಬರೇ ಕಲ್ಲದ ಅಂದಿದ್ದೆ, ತಪ್ಪಾತು,’ ಎಂದ ಪಾಂಡುರಂಗ. ‘ಹೋದವ್ರನ್ನ ತಿನಿಸಿ ತಿನಿಸಿ ಕಲ್ಲು ಮಾಡಿ ಕಳಸ್ತೀರಿ.’

ತುಳಜಾರಾಮ ಸಿಟ್ಟಾಗಲಿಲ್ಲ. ಅದೇ ಇನ್ನೂ ಕಷ್ಟವಾಯಿತು. ‘ಬಾಯಾರ, ಹೊಟ್ಟಿ ತುಂಬೇದ. ಕಣ್ಣು ತುಂಬಿಲ್ಲ,’ ಎಂದರು. ‘ನಿಮ್ಮ ಮಂದಿ ಛಲೋ ಮಂದಿ. ಆದ್ರ ಹಿಂಗ ನಡೆಯಂಗಿಲ್ಲ. ಗುಲ್ಬರ್ಗಾದಾಗ ಮಾಡೂದೇ ಛಲೋ ಅನಿಸ್ತದ.’

ಗಯಾ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳು ಸುಮ್ಮನೆ ನಿಂತಿದ್ದನ್ನು ಸಂಗಮ್ಮ ಅದೇ ಮೊದಲು ನೋಡಿದ್ದು.

‘ಸಾಹೇಬ್ರ,’ ಎಂದಳು ಸಂಗಮ್ಮ, ‘ಇನ್ನೊಂದ ಐತವಾರ ಕೊಡ್ರಿ. ಬ್ಯಾರೆ ತಂಡ ಬ್ಯಾಡ. ನೀವು ನಿಮ್ಮ ಮನಿಯವರನ್ನ ಕರಕೊಂಡು ಬರ್ರಿ.’

ತುಳಜಾರಾಮ ಚಶ್ಮಾ ತೆಗೆದು ಒರೆಸಿದರು. ‘ನಮ್ಮ ಅವ್ವಗ ಬಹಳ ನಡೆಯಾಕ ಆಗಂಗಿಲ್ಲ.’

‘ಟಾಂಗಾ ಅದಾವ್ರಿ.’

‘ಮತ್ತ ಚಾ?’

‘ಅದನ್ನ ನನಗ ಬಿಡ್ರಿ’ ಎಂದು ಸಂಗಮ್ಮ ಗಯಾಳ ಕೈಹಿಡಿದು ಬಸ್ಸಿನ ಕಡೆ ನಡೆದಳು.

ಮನೆಗೆ ಬಂದಾಗ ಮಾಣಿಕಮ್ಮ ಖುಷಿಯಲ್ಲಿ ತೇಲುತ್ತಿದ್ದಳು. ಚಶ್ಮಾದವರು ಎರಡು ಸಲ ಹುಗ್ಗಿ ಹಾಕಿಸಿಕೊಂಡರು ಎಂದು ಎದುರು ಮನೆಯವರಿಗೂ ಹೇಳಿ ಬಂದಿದ್ದಳು.

‘ಅತ್ತಿ, ನಿಮ್ಮ ಹುಗ್ಗಿ ಜಲಸಂಗ್ವಿ ಗುಡಿ ನುಂಗಿತು ನೋಡ್ರಿ,’ ಎಂದು ಸಂಗಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ನಡೆದದ್ದನ್ನೆಲ್ಲ ಹೇಳಿದಳು.

ಮಾಣಿಕಮ್ಮನಿಗೆ ಮೊದಲು ಸಿಟ್ಟು ಬಂತು. ‘ಬಾಗಲಿಗೆ ಬಂದವ್ರನ್ನ ಒಣ ಬಾಯಿಲೆ ಕಳಸಬೇಕೇನ ಮತ್ತ? ಅಂಥಾ ಶಿಬಿರ ಯಾರಿಗಿ ಬೇಕಾಗೇದ?’ ಎಂದು ಪಾತ್ರೆ ಸದ್ದು ಮಾಡಿದಳು. ಸೊಸೆ ಮರುಮಾತಾಡದೆ ಕೂತದ್ದು ನೋಡಿ ಮೆತ್ತಗಾದಳು. ಪಾತ್ರೆ ಇಟ್ಟು ಹತ್ತಿರ ಬಂದು ಕೂತಳು.

‘ಹುಡುಗಿಯರ ಸಲುವಾಗಿ ಇಷ್ಟು ಓಡಾಡ್ತಿ ಅಂತ ನನಗ ಗೊತ್ತಾಗಂಗಿಲ್ಲೇನ? ನೋಡವ್ವ ಸಂಗವ್ವ, ನಾ ಮದಿವ್ಯಾಗಿ ನಡಿಲಿಕ್ಕೆ ಬಂದಾಗ ಈ ಓಣಿಯಾಗ ಚಾ ಎಲ್ಲಿತ್ತು? ಬಂದವ್ರ ಕೈಯಾಗ ಒಂದು ಬೆಲ್ಲದ ಹಳಕು, ಒಂದು ತಂಬಿಗಿ ನೀರು. ಮರ್ಯಾದಿ ಮುಗೀತು. ಈ ಚಾ ಬಂದು ಮಂದಿನ್ನ ಕೂಡಿಸಾಕ ಕಲಿಸಿತು.’

ಸಂಗಮ್ಮ ತಲೆ ಎತ್ತಿದಳು. ‘ಬೆಲ್ಲ ಆದ್ರೂ ಮನಿಗೊಂದು ಸಲ ಇಳಿಯಬೇಕಲ್ರಿ ಅತ್ತಿ. ಒಬ್ಬರ ಮನಿದು ತಿಂದು ಇನ್ನೊಬ್ಬರದು ಬಿಟ್ರ?’

‘ಅದೂ ಖರೇ.’

ಎದುರಿನ ಗೋಡೆಯ ಮೇಲೆ ಬೀದಿದೀಪದ ಬೆಳಕು ಅರಿಶಿನ ಬಳಿದಂತೆ ಹತ್ತಿಕೊಂಡಿತ್ತು. ಒಳಗೆ ಗೂಡಿನಲ್ಲಿ ಹಿತ್ತಾಳೆಯ ದೊಡ್ಡ ತಾಟು ಒರಗಿತ್ತು. ಮದುವೆ–ಮುಂಜಿಯಲ್ಲಿ ಓಣಿಗೆಲ್ಲ ಎಲೆ–ಅಡಿಕೆ ಹಂಚುವ ತಾಟು. ಸಂಗಮ್ಮ ಅದನ್ನು ನೋಡಿದಳು. ಎದ್ದು ಹೋಗಿ ತಂದು ನಡುವೆ ಇಟ್ಟಳು.

‘ಅತ್ತಿ, ಮನಿಮನಿಯ ಬೆಲ್ಲ ಒಂದ ತಾಟಿನಾಗ ಬಂದ್ರ? ತಾಟು ಓಣಿ ತಲಿಮ್ಯಾಲ ನಿಂದ್ರಬೇಕು. ಮೆಹಮಾನರು ಅಲ್ಲೇ ಒಂದು ಹಳಕು ಬಾಯಾಗ ಹಾಕ್ಕೊಂಡ್ರ ಎಲ್ಲರ ಮನಿಯಾಗ ತಿಂದಂಗ.’

ಮಾಣಿಕಮ್ಮ ತಾಟನ್ನು ಸೆರಗಿನಿಂದ ಒರೆಸಿದಳು. ‘ಯಾರ ಹಳಕು ಯಾರದಂತ ನಾಲಿಗಿಗಿ ಹ್ಯಾಂಗ ತಿಳೀಬೇಕು?’ ಎಂದಳು. ಆಮೇಲೆ ನಕ್ಕಳು. ‘ಯಾರಿಗೂ ತಿಳಿಯಬಾರ್ದು. ಅದೇ ಛಲೋ.’

ಹೇಳಿದಷ್ಟು ಸುಲಭವಾಗಲಿಲ್ಲ. ಮರುದಿನದಿಂದ ಅತ್ತೆ–ಸೊಸೆ ಇಬ್ಬರೂ ಮನೆಮನೆ ತಿರುಗಿದರು. ಯಶೋದಾಬಾಯಿ ಮೊದಲಿಗೇ ತಕರಾರು ತೆಗೆದಳು.

‘ನನ್ನ ಬೆಲ್ಲ ತಾಟಿನ ತಳಕ್ಕ ಹೋತಂದ್ರ?’

‘ಅಲುಗಾಡಿಸ್ತೀವಿ ಬಾ,’ ಎಂದಳು ಮಾಣಿಕಮ್ಮ.

‘ತಾಟು ಯಾರು ಹಿಡಿಯೂದು?’

ಇದು ನಿಜವಾದ ಪ್ರಶ್ನೆ. ತಾಟು ಹಿಡಿದವರ ಮನೆಯೇ ದೊಡ್ಡ ಮನೆ ಎಂದಾಗಬಾರದು. ಕೊನೆಗೆ ಪಾಳಿ ನಿಗದಿಯಾಯಿತು. ಒಂದು ತಂಡಕ್ಕೆ ಒಂದು ಮನೆ, ಮುಂದಿನ ತಂಡಕ್ಕೆ ಪಕ್ಕದ ಮನೆ, ಓಣಿಯ ಕೊನೆಯವರೆಗೆ. ಮೊದಲ ಪಾಳಿಯನ್ನು ಓಣಿಯ ಕೊನೆಯಿಂದಲೇ ಶುರುಮಾಡೋಣ ಎಂದಳು ಸಂಗಮ್ಮ. ಕೊನೆಯ ಮನೆ ಮಹೆಬೂಬನದು. ಅವನ ಹೆಂಡತಿ ಕರೀಮಾ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು.

‘ನಾ ಹಿಡಿದ್ರ ಎಲ್ಲರೂ ತಗೋತಾರೇನ್ರಿ?’

‘ಎಲ್ಲರ ಮನಿಯಾಗೂ ಒಂದ ಅಂಗಡಿಯ ಪೆಂಟಿ ಒಡೆದ ಬೆಲ್ಲ,’ ಎಂದಳು ಮಾಣಿಕಮ್ಮ. ‘ಹಿಡಿಯವ್ವ ಗಟ್ಟಿಯಾಗಿ. ತಾಟು ಒಜ್ಜಿ ಅದ.’

ಓಣಿಯ ಹಿರಿಯಳೇ ಹಾಗೆಂದ ಮೇಲೆ ಯಶೋದಾಬಾಯಿ ಒಳಗೆ ಹೋಗಿ ಎಲ್ಲರಿಗಿಂತ ದೊಡ್ಡ ಹಳಕು ತಂದಳು, ತಳಕ್ಕೆ ಹೋದರೂ ಕಾಣುವಂಥದ್ದು. ನಾರಾಯಣಪುರಕ್ಕೆ ಗಯಾಳನ್ನು ಕರೆದುಕೊಂಡು ಸಂಗಮ್ಮ ತಾನೇ ಹೋದಳು. ಅಲ್ಲಿನವರಿಗೆ ಮಾತು ಹಿಡಿಸಿತು. ಗುಡಿಯ ಮುಂದೆ ಊರಿಗೆಲ್ಲ ಒಂದೇ ತಾಟು ಎಂದರು. ಹುಮನಾಬಾದಿನ ಪಾಂಡುರಂಗನ ಸಿಟ್ಟು ಮಾತ್ರ ಇಳಿಯಬೇಕಿತ್ತು.

‘ಈ ಸಲ ಹಸಿದೇ ಬರ್ತಾರ್ರಿ,’ ಎಂದಳು ಸಂಗಮ್ಮ.

‘ಬರಲಿಲ್ಲಂದ್ರ?’

‘ಬರಲಿಲ್ಲಂದ್ರ ನೀವು ಹಚ್ಚಿದ ತಾಟೆಲ್ಲಾ ನಾ ಒಬ್ಬಾಕೇ ಉಣ್ತೀನಿ. ನೀವು ಎದುರಿಗಿ ಕೂತು ನೋಡ್ರಿ.’

ಪಾಂಡುರಂಗ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ‘ಅದನ್ನ ನೋಡಾಕ ನಾ ತಿಕೀಟ ಹಚ್ತೀನಿ,’ ಎಂದ.

ಆ ಐತವಾರ ತುಳಜಾರಾಮರ ಜೊತೆ ಅವರ ಹೆಂಡತಿ, ತಾಯಿ, ಕಚೇರಿಯ ಕೆಲವರು ಬಂದರು. ಓಣಿಯ ತಲೆಯಲ್ಲಿ ಟಾಂಗಾಗಳು ನಿಂತವು. ಕರೀಮಾ ತಾಟು ಹಿಡಿದು ಮುಂದೆ ಬಂದಳು. ಅವಳ ಹಿಂದೆ ಓಣಿಯ ಹೆಂಗಸರು ತಂಬಿಗೆ ಹಿಡಿದು ನಿಂತಿದ್ದರು. ಕೆಂಪು ಬೆಲ್ಲ, ಕರಿ ಬೆಲ್ಲ, ಚಿನ್ನದ ಬಣ್ಣದ ಹಳಕುಗಳು ಎಳೆಬಿಸಿಲಿಗೆ ಹೊಳೆಯುತ್ತಿದ್ದವು.

‘ಇದು ಯಾರ ಮನಿದವ್ವ?’ ಎಂದು ಕೇಳಿದಳು ತುಳಜಾರಾಮರ ತಾಯಿ, ಟಾಂಗಾದಲ್ಲೇ ಕೂತು.

‘ಓಣಿದ್ರಿ ಅಮ್ಮಾ,’ ಎಂದಳು ಗಯಾ. ‘ಒಂದು ತಿಂದ್ರ ನಮ್ಮೆಲ್ಲರ ಮನಿಗಿ ಬಂದಂಗ.’

ಮುದುಕಿ ಒಂದು ಹಳಕು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಸೆರಗಿಗೆ ಕಟ್ಟಿಕೊಂಡಳು. ನೀರು ಕುಡಿದಳು. ‘ನಡಿ, ಮುಂದ ನಡಿ,’ ಎಂದಳು. ಟಾಂಗಾಗಳು ಹೊರಟವು. ಕಟ್ಟೆಯ ಮೇಲೆ ಸಂಗಪ್ಪ ಅಭ್ಯಾಸದಂತೆ ಲಗಾಮು ಹಿಡಿಯಲು ಎದ್ದವನು, ಹೆಂಡತಿ ಕಣ್ಣು ಬಿಟ್ಟದ್ದು ನೋಡಿ ನಮಸ್ಕಾರ ಮಾಡಿ ಕೂತ.

ಕೋಟೆಯೊಳಗೆ ಬೆಳಗಿನ ಗಾಳಿ ಇನ್ನೂ ತಣ್ಣಗಿತ್ತು. ಗಯಾ ಬಾಗಿಲುಗಳ ಮುಂದೆ ನಿಂತು ಹೇಳುತ್ತಾ ಹೋದಳು. ಗೊತ್ತಿದ್ದದ್ದನ್ನು ಗೊತ್ತು ಎಂದಳು, ಗೊತ್ತಿಲ್ಲದ್ದನ್ನು ‘ಇದು ಇನ್ನೂ ಯಾರಿಗೂ ಗೊತ್ತಿಲ್ರಿ, ನೀವೂ ವಿಚಾರ ಮಾಡ್ರಿ’ ಎಂದಳು. ಜನ ನಿಜಕ್ಕೂ ವಿಚಾರ ಮಾಡಿದರು, ತಮ್ಮತಮ್ಮಲ್ಲೇ ವಾದಕ್ಕಿಳಿದರು. ಭಾವಿಯ ಹತ್ತಿರ ಮಾತು ಮಹೆಬೂಬನದಾಗಿತ್ತು. ಅವನು ಗಂಟಲು ಸರಿಮಾಡಿಕೊಂಡ.

‘ಇದು ಭಾವಿರಿ,’ ಎಂದ ಮಹೆಬೂಬ. ‘ಇದರಾಗ ಯಾವ ರಾಣಿಯೂ ಹಾರಿಲ್ರಿ.’

‘ಹೌದೇನ? ಯಾಕ ಹಾರಲಿಲ್ಲ?’ ಎಂದು ತುಳಜಾರಾಮರ ಹೆಂಡತಿ ಕೆಳಗಿಳಿದು ಇಣುಕಿದಳು. ಅವಳ ಹಿಂದೆ ಉಳಿದವರೂ ಇಳಿದರು. ರಾಣಿ ಹಾರದ ಭಾವಿಯನ್ನು ಎಲ್ಲರೂ ಬಹಳ ಹೊತ್ತು ನೋಡಿದರು. ಮಹೆಬೂಬ ಸಂಗಮ್ಮನ ಕಡೆ ತಿರುಗಿ ಹುಬ್ಬು ಹಾರಿಸಿದ.

ನಾರಾಯಣಪುರದ ಗುಡಿಯಲ್ಲಿ ಬಿಸಿಲು ಬಾಗಿಲಿನಿಂದ ಒಳಗೆ ಬಂದು ಕಂಬಗಳ ಬುಡದಲ್ಲಿ ಮಲಗಿತ್ತು. ಊರಿನ ತಾಟಿನಿಂದ ಬೆಲ್ಲ ತಿಂದು, ಗೋಡೆಯ ಕೆತ್ತನೆಗಳನ್ನು ಮುಟ್ಟದೆ ನೋಡಿ, ಮಹೆಬೂಬನನ್ನೂ ಕರೆದುಕೊಂಡು ಹುಮನಾಬಾದಿನ ಬಸ್ಸು ಹಿಡಿದಾಗ ತುಳಜಾರಾಮರ ತಾಯಿ ಮೂರು ಸಲ ಕೇಳಿದಳು: ‘ಊಟ ಎಲ್ಲಿ?’

ಅವರು ಉಂಡ ಬಗೆ ಪಾಂಡುರಂಗನಿಗೆ ಎಷ್ಟು ವರ್ಷವಾದರೂ ಮರೆಯಲಿಲ್ಲ. ರೊಟ್ಟಿಯ ಮೇಲೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ. ಅವನು ತಾನೇ ಬಡಿಸುತ್ತಾ ಸಾಲಿನ ಆ ಕಡೆಯಿಂದ ಈ ಕಡೆ ಓಡಿದ. ಹುಡುಗಿಯರು ಬಡಿಸಲು ನಿಂತಾಗ, ‘ಎಡಗಡಿಂದ ಬ್ಯಾಡವ್ವ, ಬಲಗಡಿಂದ ಬಾ. ರೊಟ್ಟಿ ಮೊದಲ ಹಾಕು, ಆಮ್ಯಾಲ ಪಲ್ಯ’ ಎಂದು ಅಲ್ಲೇ ಪಾಠ ಶುರುಮಾಡಿದ. ತನಗೇ ತಿಳಿಯದ ಹಾಗೆ ಅವನು ಶಿಬಿರ ಆರಂಭಿಸಿಬಿಟ್ಟಿದ್ದ.

‘ಹಸಿದು ಬಂದಾರ, ಬಾಯಾರ! ಖರೇ ಹಸಿದು ಬಂದಾರ!’ ಎಂದು ಸಂಗಮ್ಮನ ಕಿವಿಯ ಹತ್ತಿರ ಬಂದು ಹೇಳಿದ.

‘ಮತ್ತ ನನ್ನ ತಿಕೀಟು?’

‘ವಾಪಸ್ ರೀ, ಎಲ್ಲರಿಗೂ ವಾಪಸ್.’

ಹುಮನಾಬಾದಿನ ಟಾಂಗಾ ಹಿಡಿದು ಜಲಸಂಗ್ವಿಗೆ ಮುಟ್ಟಿದಾಗ ಹೊತ್ತು ಇನ್ನೂ ಮೇಲಿತ್ತು. ಗುಡಿಯ ಹೊರಗೋಡೆಯ ಕಲ್ಲಿನ ಹೆಣ್ಣುಗಳ ಮೇಲೆ ಓರೆಬಿಸಿಲು ಬಿದ್ದು ಅವರ ಭುಜ, ತುಟಿ, ಬೆರಳು ಈಗಷ್ಟೇ ಯಾರೋ ಕರೆದದ್ದಕ್ಕೆ ತಿರುಗಿದಂತೆ ಕಾಣುತ್ತಿದ್ದವು. ಗಯಾ ಮಾತು ನಿಲ್ಲಿಸಿದಳು. ಇಲ್ಲಿ ಏನೂ ಹೇಳಬಾರದು, ಸುಮ್ಮನೆ ನೋಡಲು ಬಿಡಬೇಕು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ತುಳಜಾರಾಮರ ತಾಯಿ ಬೆಲ್ಲದ ಗಂಟು ಬಿಚ್ಚಿ ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡು ಗೋಡೆಯುದ್ದಕ್ಕೂ ನಿಧಾನವಾಗಿ ನಡೆದಳು. ಟಾಂಗಾ ಬೇಕೆನ್ನಲಿಲ್ಲ.

ತಿರುಗಿ ಹುಮನಾಬಾದಿಗೆ ಬಂದು ಖಾನಾವಳಿಯ ಮುಂದಿನ ಬೆಂಚಿನ ಮೇಲೆ ಕೂತಾಗ ತುಳಜಾರಾಮ ಹೇಳಿದರು: ‘ಮೂರೂ ಆದ್ವು. ಹೊತ್ತು ಇನ್ನೂ ಅದ.’

ಪಾಂಡುರಂಗ ಹಿಡಿದ ಚಾದ ಕೆಟಲಿಯ ಬಾಯಿಂದ ಹಬೆ ಏಳುತ್ತಿತ್ತು.

‘ಆದ್ರ ಒಂದು ಮಾತು,’ ಎಂದರು ತುಳಜಾರಾಮ. ‘ನಾ ಟಾಂಗಾದವ್ರನ್ನ, ಖಾನಾವಳಿಯವ್ರನ್ನ ಕಲಿಸಾಕ ಅಂತ ಬಂದಿದ್ದೆ. ಇವತ್ತು ದಿನಪೂರಾ ನಮ್ಮನ್ನ ನಡಿಸಿದಾಕಿ ಈ ಹುಡುಗಿ. ಇಂಥವ್ರು ಇನ್ನೂ ಅದಾರೇನ?’

‘ಅದಾರ್ರಿ,’ ಎಂದಳು ಸಂಗಮ್ಮ. ‘ಗುಲ್ಬರ್ಗಾಕ್ಕ ಬರಂಗಿಲ್ಲ ಅಷ್ಟೇ. ಇಲ್ಲಿ ಅದಂದ್ರ ಬರ್ತಾರ.’

‘ಹಂಗಾದ್ರ ಇಲ್ಲೇ ಆಗಲಿ. ಉಣ್ಣೂದು ಹುಮನಾಬಾದದಾಗ, ನೋಡೂದು ಕಲ್ಯಾಣದಾಗ. ಹುಡುಗಿಯರು ಎಷ್ಟು ಮಂದಿ ಬರ್ತಾರೋ ಬರ್ಲಿ.’

ಗಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಹೆಬೂಬ ‘ವಾಹ್ ಸಾಹೇಬ್!’ ಎಂದು ಬೆಂಚು ಬಡಿದ ರಭಸಕ್ಕೆ ಚಾ ಚೆಲ್ಲಿತು, ಪಾಂಡುರಂಗ ಬೈದ, ಬೈಯುತ್ತಲೇ ಎಲ್ಲರಿಗೂ ಮತ್ತೆ ಸುರಿದ. ಸಂಗಮ್ಮ ರಸ್ತೆ ನೋಡಿದಳು. ಸಂಜೆಯ ರಸ್ತೆ. ಎತ್ತಿನ ಬಂಡಿ, ಸೈಕಲ್ಲು, ಹೊಲದಿಂದ ಬರುವ ಹೆಂಗಸರ ತಲೆಯ ಮೇಲಿನ ಹುಲ್ಲಿನ ಹೊರೆ.

‘ಯಾವಾಗ ಶುರು ಮಾಡೂಣು ಬಾಯಾರ?’ ಎಂದರು ತುಳಜಾರಾಮ. ‘ಸಂಕ್ರಾಂತಿ ಆದ ಮ್ಯಾಲ?’

‘ಆಗಂಗಿಲ್ರಿ. ಆವಾಗ ಜ್ವಾಳದ ಸುಗ್ಗಿ ಬರ್ತದ, ಹಳ್ಳಿ ಹುಡುಗಿಯರು ಹೊಲದಾಗಿರ್ತಾರ. ದೀಪಾವಳಿ ಸೂಟಿಯಾಗ ಇಟ್ಕೊಳ್ರಿ, ಸಾಲಿ ಕೋಣಿನೂ ಖಾಲಿ ಇರ್ತಾವ.’ ಹೇಳುತ್ತಲೇ ಅವಳು ಎದ್ದು ನಿಂತಳು. ನಿಲ್ದಾಣದಲ್ಲಿ ಚಿಟಗುಪ್ಪಾ, ನಿರ್ಣಾ ಕಡೆಯ ಬಸ್ಸು ಹೊರಡುವ ಗಡಿಬಿಡಿಯಲ್ಲಿತ್ತು.

‘ಚಾ ಕುಡೀರಿ, ಎಲ್ಲಿ ಹೊಂಟೀರಿ?’ ಎಂದ ಪಾಂಡುರಂಗ. ‘ಕಲ್ಯಾಣದ ಬಸ್ಸು ಅದಲ್ರೀ, ಈ ಕಡಿಂದು!’

‘ಗೊತ್ತದ್ರಿ ಅಣ್ಣಾರ. ಗಯಾ, ನೀ ಮಹೆಬೂಬನ ಕೂಡ ಊರಿಗಿ ಹೋಗು, ಅತ್ತಿಗಿ ಹೇಳು, ನಾ ಇವತ್ತ ತವರಮನ್ಯಾಗ ಇರ್ತೀನಂತ.’ ಅವಳು ಆಗಲೇ ರಸ್ತೆಗೆ ಇಳಿದಿದ್ದಳು, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತಾ, ಬಂಡಿಯೊಂದನ್ನು ದಾಟುತ್ತಾ, ಅರ್ಧ ಹಿಂದಕ್ಕೆ ತಿರುಗಿ ಕೂಗುತ್ತಾ. ‘ಬೇಮಳಖೇಡದಾಗ ಒಬ್ಬಾಕಿ ಇದ್ದಾಳ, ನನ್ನ ಗೆಳತಿ ಮಗಳು, ಮೂರೂ ಭಾಷಾ ಬರ್ತಾವ, ಆಕಿ ಅಪ್ಪನ್ನ ಇವತ್ತ ಕೇಳಿಬಿಟ್ರ ನಾಳಿ ಮುಂಜಾನಿ ನಿರ್ಣಾದಿಂದ ಬರೂಮುಂದ ಇನ್ನಿಬ್ಬರು ನನ್ನ ಕೂಡ…’ ಉಳಿದ ಮಾತನ್ನು ಬಸ್ಸಿನ ಸದ್ದು ನುಂಗಿತು.